ತೋರಿಸದ ಬ್ಯಾಲೆಗೆ ಪಡೆದ ಹಣ ಹಿಂದಿರುಗಿಸದಿರುವ ಬಗ್ಗೆ ದೂರು

ಇವರಿಗೆ,
ಕುಂದುಕೊರತೆ ಅಧಿಕಾರಿಗಳು,
ಟಿಕೆಟ್ ಮಾರಾಟ ವಿಭಾಗ, ಮುಂಬೈ

ಮಾನ್ಯರೇ,

ಕನ್ನಡದಲ್ಲಿಯೂ ದೂರು ಸ್ವೀಕರಿಸುವುದಾಗಿ ನಿಮ್ಮ ಆ್ಯಪಿನಲ್ಲಿ ತಿಳಿಸಿರುವುದರಿಂದ ಕನ್ನಡದಲ್ಲಿಯೇ ಬರೆಯುತ್ತಿದ್ದೇನೆ. ನಾಲ್ಕು ಸಲ ಫೋನ್ ಮಾಡಿದಾಗಲೂ ‘ಮೇಲಿನವರಿಗೆ ತಿಳಿಸುತ್ತೇವೆ’ ಎಂಬ ಉತ್ತರವೇ ಸಿಕ್ಕಿತು. ನಿನ್ನೆ ನನ್ನ ದೂರು ‘ಪರಿಹರಿಸಲಾಗಿದೆ’ ಎಂಬ ಸಂದೇಶ ಬಂದಿದೆ. ಒಂದು ರೂಪಾಯಿಯೂ ಮರಳಿ ಬಾರದೆ ಅದು ಪರಿಹಾರವಾದದ್ದು ಹೇಗೆಂದು ಕೇಳಲು ಈ ಪತ್ರ.

ನಿಮ್ಮ ಜಾಹೀರಾತಿನಲ್ಲಿ, ಕಾರ್ಯಕ್ರಮದ ಉತ್ತರಾರ್ಧದಲ್ಲಿ ಬ್ಯಾಲೆ ಎಂಬ ಪಾಶ್ಚಾತ್ಯ ಶಾಸ್ತ್ರೀಯ ನೃತ್ಯದ ವಿದೇಶಿ ತಂಡವೊಂದು ಟಿವಿಯ ಡಾನ್ಸ್ ಸ್ಪರ್ಧೆಗಳನ್ನು ವಿಡಂಬಿಸುವ ನಲವತ್ತು ನಿಮಿಷದ ಪ್ರಸಂಗವನ್ನು ಆಡಲಿದೆ ಎಂದಿತ್ತು. ನರ್ತಕಿ ಒಂದೇ ಕಾಲಿನ ತುದಿಬೆರಳ ಮೇಲೆ 32 ಸುತ್ತು ಸುತ್ತುತ್ತಿರುವಾಗಲೇ ತೀರ್ಪುಗಾರರು ಅಂಕದ ಹಲಗೆ ಎತ್ತಿ ಅವಳನ್ನು ನಡುವೆಯೇ ನಿಲ್ಲಿಸುವ ಚಿತ್ರವನ್ನೂ ಹಾಕಿದ್ದಿರಿ. ಆ ಚಿತ್ರ ನೋಡಿಯೇ ತಲಾ 2,500 ರೂಪಾಯಿಯ ಮೂರು ಟಿಕೆಟ್ ಕೊಂಡೆ.

ಹನ್ನೆರಡು ವರ್ಷದ ನನ್ನ ಮಗಳು ಏಳು ವರ್ಷಗಳಿಂದ ಭರತನಾಟ್ಯ ಕಲಿಯುತ್ತಿದ್ದಾಳೆ. ಈಚೆಗೆ ಅಡವು ಮುಗಿಸಿದೊಡನೆ ‘ಎಷ್ಟು ಮಾರ್ಕ್ಸ್ ಅಮ್ಮಾ?’ ಎಂದು ಕೇಳುವ ಅಭ್ಯಾಸ ಅವಳಿಗೆ ಹತ್ತಿದೆ. 2009ರಲ್ಲಿ ಟಿವಿಯಲ್ಲಿ ಡಾನ್ಸ್ ಇಂಡಿಯಾ ಡಾನ್ಸ್ ಸ್ಪರ್ಧೆ ಶುರುವಾದಾಗ ನಾನೂ ಶನಿವಾರ ಕಾದು ಕುಳಿತವಳೇ; ಆ ಮಕ್ಕಳ ಶ್ರಮದ ಬಗ್ಗೆ ನನಗೆ ಗೌರವವಿದೆ. ಆದರೆ ಅಂಕವೇ ನೃತ್ಯವಲ್ಲವೆಂದು ನಾನು ನೂರು ಸಲ ಹೇಳುವುದಕ್ಕಿಂತ ನರ್ತಕರೇ ನಗಿಸಿ ತೋರಿಸಿದರೆ ಅವಳ ಮನಸ್ಸಿಗೆ ನಾಟೀತು ಎಂದು ಆಸೆಪಟ್ಟಿದ್ದೆ. ಬ್ಯಾಲೆಯಲ್ಲಿ ವಿಡಂಬನೆ ಹಗುರವಾದ ಕೆಲಸವಲ್ಲ. 1974ರಲ್ಲಿ ನ್ಯೂಯಾರ್ಕಿನಲ್ಲಿ ಆರಂಭವಾದ ಟ್ರಾಕಡೆರೊ ಎಂಬ ವಿಡಂಬನೆಯ ಬ್ಯಾಲೆ ತಂಡದ ಗಂಡಸರು ‘ಸ್ವಾನ್ ಲೇಕ್’ ಎಂಬ ಪ್ರಸಿದ್ಧ ಬ್ಯಾಲೆಯನ್ನು ಗೇಲಿ ಮಾಡುವುದಕ್ಕೂ ಮೊದಲು ತುದಿಬೆರಳ ಮೇಲೆ ನಿಲ್ಲಲು ಕಲಿಯಬೇಕಾಗುತ್ತದೆ. ಅಂಥದ್ದೊಂದನ್ನು ತೋರಿಸುವುದಾಗಿ ನೀವು ಹಣ ಪಡೆದಿರಿ.

ಡೊಂಬಿವಲಿಯಿಂದ ಲೋಕಲ್‌ನಲ್ಲಿ ಸಿಎಸ್‌ಎಂಟಿ ರೈಲು ನಿಲ್ದಾಣಕ್ಕೆ ಬಂದು, ಮೊಣಕಾಲು ನೋವಿರುವ ನಮ್ಮ ಅತ್ತೆಯವರನ್ನು ಟ್ಯಾಕ್ಸಿಯಲ್ಲಿ ಕರೆತಂದು ಕುಳಿತರೆ, ವಿರಾಮದ ನಂತರ ಬ್ಯಾಲೆಯ ಸುಳಿವೇ ಇರಲಿಲ್ಲ. ಪ್ರಾಯೋಜಕರ ನಿರೂಪಕ ಬಂದು, ಪ್ರೇಕ್ಷಕರ ಮಕ್ಕಳನ್ನು ವೇದಿಕೆಗೆ ಹತ್ತಿಸಿ, ಕುಣಿಸಿ, ಹತ್ತಕ್ಕೆ ಇಷ್ಟೆಂದು ಅಂಕ ಕೊಡಿಸಿದ. ಪ್ರಸಂಗ ರದ್ದಾಗಿದೆ ಎಂಬ ಒಂದು ಮಾತನ್ನೂ ಯಾರೂ ಹೇಳಲಿಲ್ಲ.

ಹೊರಗೆ ನಿಮ್ಮ ಕೌಂಟರಿನಲ್ಲಿ ನಡೆದದ್ದನ್ನು ನಾನು ಮರೆಯಲಾರೆ. ನೀಲಿ ಅಂಗಿಯ ಸಿಬ್ಬಂದಿ ನನ್ನ ಫೋನ್ ಇಸಕೊಂಡು, ಜಾಹೀರಾತನ್ನು ಮೇಲಿನಿಂದ ಕೆಳಗಿನವರೆಗೆ ಸರಿಸಿ, ‘ಮೇಡಂ, ಡಾನ್ಸ್ ನೋಡಿದಿರಲ್ಲ?’ ಎಂದರು. ನೋಡಿದ್ದು ಬ್ಯಾಲೆಯಲ್ಲ ಎಂದೆ. ‘ಬ್ಯಾಲೆ ಅಂದರೂ ಡಾನ್ಸೇ ತಾನೆ?’ ಎಂದು ಪಕ್ಕದವರತ್ತ ತಿರುಗಿ ನಕ್ಕರು. ವ್ಯವಸ್ಥಾಪಕರನ್ನು ಕರೆಯಿರಿ ಎಂದೆ. ‘ಬೇರೆ ಯಾರೂ ಕೇಳುತ್ತಿಲ್ಲ, ನಿಮಗೊಬ್ಬರಿಗೇ ತೊಂದರೆಯಾ?’ ಎಂದು ಸರದಿಯಲ್ಲಿದ್ದವರಿಗೆಲ್ಲ ಕೇಳಿಸುವಂತೆ ಅಂದರು. ಕೊನೆಗೆ ನನ್ನ ಮಗಳತ್ತ ಬಾಗಿ, ‘ನೀನು ಹೇಳು ಬೇಟಾ, ಮಜಾ ಬಂತಲ್ಲ?’ ಎಂದು ಕೇಳಿದರು. ಮಗು ನನ್ನ ದುಪಟ್ಟಾದ ಅಂಚು ಹಿಡಿದು ತಲೆ ತಗ್ಗಿಸಿತು. ‘ನೋಡಿ, ಮಗುವೇ ಸುಮ್ಮನಿದೆ’ ಎಂದು ಫೋನನ್ನು ಗಾಜಿನ ಮೇಲೆ ನೂಕಿದರು. ತಾಯಿಯ ಮಾತನ್ನು ಸುಳ್ಳಾಗಿಸಲು ಮಗುವನ್ನು ಸಾಕ್ಷಿ ಮಾಡಿಕೊಳ್ಳುವುದನ್ನು ನಿಮ್ಮ ಸಂಸ್ಥೆ ಯಾವ ತರಬೇತಿಯಲ್ಲಿ ಕಲಿಸುತ್ತದೆ?

ಮುಖ್ಯ ಪ್ರಸಂಗ ಬದಲಾದರೆ ಹಣ ಮರಳಿಸಬೇಕೆಂಬ ನಿಮ್ಮದೇ ಷರತ್ತು ನಿಮಗೆ ತಿಳಿದೇ ಇದೆ. ಅದನ್ನು ಮತ್ತೆ ಬರೆದು ತೋರಿಸುವುದಿಲ್ಲ. ದೂರು ತಲುಪಿದ 48 ಗಂಟೆಗಳೊಳಗೆ ಸ್ವೀಕೃತಿ ನೀಡಿ, ಒಂದು ತಿಂಗಳೊಳಗೆ ಇತ್ಯರ್ಥಪಡಿಸಬೇಕೆಂದು 2020ರ ಇ-ಕಾಮರ್ಸ್ ನಿಯಮಗಳು ಹೇಳುತ್ತವೆ. ನನಗೆ 7,500 ರೂಪಾಯಿ, ಅದರ ಮೇಲೆ ಹಿಡಿದ ಬುಕಿಂಗ್ ಶುಲ್ಕ ಮತ್ತು ನನ್ನ ಮಗಳ ಹೆಸರಿಗೆ ಲಿಖಿತ ಕ್ಷಮಾಪಣೆ ಬೇಕು.

ಹದಿನೈದು ದಿನಗಳಲ್ಲಿ ಇವು ಬಾರದಿದ್ದರೆ ನಾನು ಮತ್ತೆ ಫೋನ್ ಮಾಡುವುದಿಲ್ಲ. 2019ರ ಗ್ರಾಹಕ ಸಂರಕ್ಷಣಾ ಕಾಯ್ದೆಯ ಪ್ರಕಾರ ನಾನು ವಾಸಿಸುವ ಜಿಲ್ಲೆಯ ಗ್ರಾಹಕ ಆಯೋಗದಲ್ಲಿಯೇ ದೂರು ಕೊಡಬಹುದು. ಕೊಟ್ಟ ಹಣ ಐದು ಲಕ್ಷ ರೂಪಾಯಿವರೆಗಿದ್ದರೆ ದೂರಿಗೆ ಶುಲ್ಕವೂ ಇಲ್ಲ. ಆ ಜಾಹೀರಾತಿನ ಸ್ಕ್ರೀನ್‌ಶಾಟ್, ಮೂರು ಟಿಕೆಟ್‌ಗಳು ಮತ್ತು ‘ಪರಿಹರಿಸಲಾಗಿದೆ’ ಎಂಬ ನಿಮ್ಮ ಸಂದೇಶ ನನ್ನ ಬಳಿ ಭದ್ರವಾಗಿವೆ. ಆಗ ಕ್ಷಮಾಪಣೆ ಕೊಟ್ಟರೂ ದೂರನ್ನು ಹಿಂದಕ್ಕೆ ಪಡೆಯಲಾರೆ.

ಇತಿ,
ಡೊಂಬಿವಲಿಯ ನಿಮ್ಮ ಗ್ರಾಹಕಿ