ಇಎಸ್‌ಐ: ಆರು ದಿನ ಕಡಿಮೆ ಬಿದ್ದರೆ ಆರು ತಿಂಗಳು ಖೋತಾ

ಸಂಪಾದಕರಿಗೆ,

ಇಎಸ್‌ಐ (ಕಾರ್ಮಿಕರ ರಾಜ್ಯ ವಿಮೆ) ಡಿಸ್ಪೆನ್ಸರಿಯ ಕೌಂಟರಿನಲ್ಲಿ ‘ಎಲಿಜಿಬಿಲಿಟಿ ಇಲ್ಲ’ ಅನ್ನಿಸಿಕೊಂಡು ವಾಪಸಾಗುವವರೆಲ್ಲ ಕೆಲಸ ತಪ್ಪಿಸಿಕೊಂಡವರಲ್ಲ. ತಿಂಗಳಿಗೆ 26 ದಿನ ದುಡಿದವರೂ ಅವರಲ್ಲಿರುತ್ತಾರೆ. ಕಡಿಮೆ ಬಿದ್ದಿರುವುದು ಗುತ್ತಿಗೆದಾರ ಕಂಪ್ಯೂಟರಿಗೆ ತುಂಬಿದ ದಿನಗಳು.

ನಿಯಮ ಹೀಗಿದೆ. ಏಪ್ರಿಲ್‌ನಿಂದ ಸೆಪ್ಟೆಂಬರ್‌ವರೆಗಿನ ಆರು ತಿಂಗಳಲ್ಲಿ ಕನಿಷ್ಠ 78 ದಿನಗಳ ವಂತಿಗೆ ಇದ್ದರೆ, ಮುಂದಿನ ಜನವರಿಯಿಂದ ಜೂನ್‌ವರೆಗೆ ಚಿಕಿತ್ಸೆ ಸಿಗುತ್ತದೆ. ಅಕ್ಟೋಬರ್–ಮಾರ್ಚ್ ಲೆಕ್ಕ ಜುಲೈ–ಡಿಸೆಂಬರ್‌ಗೆ. ಸರಾಸರಿ ತಿಂಗಳಿಗೆ 13 ದಿನ. ಕೆಲಸದ ಜಾಗದಲ್ಲಿ ಗಾಯವಾದರೆ ಮಾತ್ರ ಈ ದಿನಗಳ ಲೆಕ್ಕವಿಲ್ಲ.

ಇದರಲ್ಲಿ ಕೈಚಳಕ ನಡೆಯುವುದು ಹೇಗೆ? ದಿನಗೂಲಿ 600 ರೂಪಾಯಿ ಎಂದಿಟ್ಟುಕೊಳ್ಳಿ. 26 ದಿನಕ್ಕೆ 15,600. ಮಾಲೀಕರ ಪಾಲು ಶೇ 3.25, ಅಂದರೆ 507 ರೂಪಾಯಿ. ಕಾರ್ಮಿಕರ ಪಾಲು ಶೇ 0.75, ಅಂದರೆ 117 ರೂಪಾಯಿ. ಗುತ್ತಿಗೆದಾರ 12 ದಿನ ಎಂದು ತೋರಿಸಿದರೆ ಸಂಬಳ 7,200ಕ್ಕೆ ಇಳಿಯುತ್ತದೆ, ಮಾಲೀಕರ ಪಾಲು 234ಕ್ಕೆ. ಕನಿಷ್ಠ ವೇತನ ಕೊಟ್ಟಂತೆಯೂ ಕಾಣುತ್ತದೆ, ತಲೆಗೆ 273 ರೂಪಾಯಿ ಉಳಿಯಿತು. ಆದರೆ 12ನ್ನು ಆರರಿಂದ ಗುಣಿಸಿದರೆ 72. ಕೊರತೆ ಆರೇ ದಿನ. ಇಬ್ಬರ ಪಾಲೂ ಸೇರಿ ಆ ಆರು ದಿನದ ವಂತಿಗೆ 144 ರೂಪಾಯಿ. ಅಷ್ಟಕ್ಕೆ ಇಡೀ ಕುಟುಂಬದ ಆರು ತಿಂಗಳ ಆಸ್ಪತ್ರೆ ಬಂದ್.

ಎಲ್ಲ ಕಡೆ ಮೋಸವೇ ಇರುತ್ತದೆ ಎಂದಲ್ಲ. ಗುತ್ತಿಗೆದಾರ ಬದಲಾದಾಗ ಹಳೆಯ ಐಪಿ ನಂಬರ್ (ವಿಮೆದಾರರ ಗುರುತಿನ ಸಂಖ್ಯೆ) ಕೇಳದೆ ಹೊಸದು ಮಾಡಿಸುವುದುಂಟು. ಆಗ ಒಂದರಲ್ಲಿ 40 ದಿನ, ಇನ್ನೊಂದರಲ್ಲಿ 60 ದಿನ ಕೂತು ಎರಡೂ ಕೆಲಸಕ್ಕೆ ಬಾರದವಾಗುತ್ತವೆ. ಅವಧಿಯ ನಡುವೆ ಮೊದಲ ಬಾರಿಗೆ ಕೆಲಸಕ್ಕೆ ಸೇರಿದವರಿಗಂತೂ 78 ಬೇಕಿಲ್ಲ: ಉಳಿದ ಅವಧಿ 156 ದಿನಕ್ಕಿಂತ ಕಡಿಮೆಯಿದ್ದರೆ, ಕೆಲಸಕ್ಕೆ ಲಭ್ಯವಿದ್ದ ದಿನಗಳ ಅರ್ಧ ಸಾಕು. ಇದು ಸಂಬಳದ ಪಟ್ಟಿ ಮಾಡುವ ಎಷ್ಟೋ ಮಂದಿಗೇ ಗೊತ್ತಿಲ್ಲ.

ಜುಲೈನಲ್ಲಿ ಆದ ತಪ್ಪು ಕಣ್ಣಿಗೆ ಬೀಳುವುದು ಜನವರಿಯಲ್ಲಿ, ಅದೂ ಕಾಯಿಲೆ ಬಿದ್ದಾಗ. ಅಷ್ಟರಲ್ಲಿ ಗುತ್ತಿಗೆದಾರ ಜಾಗ ಖಾಲಿ ಮಾಡಿರುತ್ತಾನೆ. ಹಾಗಾಗಿ ಪ್ರತಿ ತಿಂಗಳ 15ರ ಗಡುವು ದಾಟಿದ ಮೇಲೆ ಕೇಂದ್ರ ಸರ್ಕಾರದ ಉಮಂಗ್ ಆ್ಯಪ್‌ನ ಇಎಸ್‌ಐಸಿ (ಇಎಸ್‌ಐ ನಿಗಮ) ವಿಭಾಗದಲ್ಲಿ ವಂತಿಗೆಯ ವಿವರ ತೆರೆದು, ಸಂಬಳದ ಚೀಟಿಯ ಪಕ್ಕ ಇಟ್ಟು ನೋಡಬೇಕು. ಚೀಟಿಯಲ್ಲಿ 117 ಮುರಿದು ಅಲ್ಲಿ 54 ತೋರಿಸುತ್ತಿದ್ದರೆ ಉಳಿದ 63 ರೂಪಾಯಿ ಯಾರ ಜೇಬಿಗೆ ಹೋಯಿತೆಂದು ಅಂದೇ ಕೇಳಿ. ಅವಧಿ ಮುಗಿಯುವ ಮೊದಲೇ ಹಿಡಿದರೆ ಮಾಲೀಕರು ಬಿಟ್ಟುಹೋದ ವಂತಿಗೆಗೆ ಸಪ್ಲಿಮೆಂಟರಿ ಚಲನ್ ಕಟ್ಟಿ ಸರಿಪಡಿಸಬಹುದು. ಹಾಜರಿ ಪುಸ್ತಕದ ಪುಟದ ಫೋಟೊ ತೆಗೆದಿಟ್ಟುಕೊಳ್ಳುವುದು ಒಳ್ಳೆಯದು. ಮುಂದೆ ದೂರು ಕೊಡಬೇಕಾದರೆ ಅದೇ ಆಧಾರ.

ಅಮೆರಿಕದ ಅರ್ಕಾನ್ಸಾಸ್ ರಾಜ್ಯದಲ್ಲಿ 2018ರಲ್ಲಿ ಮೆಡಿಕೇಡ್‌ಗೆ (ಕಡಿಮೆ ಆದಾಯದವರ ಸರ್ಕಾರಿ ಆರೋಗ್ಯ ವಿಮೆ) ತಿಂಗಳಿಗೆ 80 ಗಂಟೆ ದುಡಿಮೆಯ ಷರತ್ತು ಹಾಕಿ, ವೆಬ್‌ಸೈಟಿನಲ್ಲೇ ಲೆಕ್ಕ ಕೊಡಿ ಎಂದಾಗ ಕೆಲವೇ ತಿಂಗಳಲ್ಲಿ 18 ಸಾವಿರಕ್ಕೂ ಹೆಚ್ಚು ಜನ ವಿಮೆ ಕಳೆದುಕೊಂಡರು. 2019ರ ಮಾರ್ಚ್‌ನಲ್ಲಿ ಕೋರ್ಟು ಅದನ್ನು ನಿಲ್ಲಿಸಿತು. ಅಲ್ಲಿ ದುಡಿಯುವವರೇ ತಮ್ಮ ಲೆಕ್ಕ ತುಂಬುತ್ತಿದ್ದರು. ಇಲ್ಲಿ ತುಂಬುವವರು ಮಾಲೀಕರು, ತಪ್ಪಿದರೆ ದಂಡ ಕಾರ್ಮಿಕರಿಗೆ.

1948ರ ಇಎಸ್‌ಐ ಕಾಯ್ದೆ ರೂಪಿಸಿದವರಿಗೆ ಈ ಅಪಾಯ ಗೊತ್ತಿತ್ತು. ನಿಯಮದಲ್ಲಿ ಇದ್ದದ್ದು ವಂತಿಗೆ ‘ಕಟ್ಟಿದ’ ದಿನ ಅಲ್ಲ, ‘ಕಟ್ಟಬೇಕಾದ’ ದಿನ. ಮಾಲೀಕರು ಕಟ್ಟದಿದ್ದರೆ ಅವರಿಂದ ವಸೂಲಿ ಮಾಡುವ ಅಧಿಕಾರವನ್ನು 68ನೇ ಕಲಂ ನಿಗಮಕ್ಕೇ ಕೊಟ್ಟಿತ್ತು. ಕೌಂಟರಿನ ಕಂಪ್ಯೂಟರಿಗೆ ಮಾತ್ರ ಈ ವ್ಯತ್ಯಾಸ ತಿಳಿಯದು. ತುಂಬಿದ ಅಂಕಿಯಷ್ಟೇ ಅದಕ್ಕೆ ಸತ್ಯ.

ನಿಗಮ ಎರಡು ಕೆಲಸ ಮಾಡಲಿ. ಪ್ರತಿ ತಿಂಗಳು ತುಂಬಿದ ದಿನ, ಸಂಬಳ ಎರಡನ್ನೂ ಕಾರ್ಮಿಕರ ಮೊಬೈಲಿಗೆ ಕನ್ನಡದಲ್ಲಿ ಎಸ್ಎಂಎಸ್ ಕಳಿಸಲಿ. ಸೊನ್ನೆ ದಿನ ತುಂಬಿದಾಗ ಕಾರಣ ಕೇಳುವ ವ್ಯವಸ್ಥೆ ಈಗಾಗಲೇ ಇದೆ. ಅದನ್ನು 13ಕ್ಕಿಂತ ಕಡಿಮೆ ತುಂಬಿದಾಗಲೂ ಕೇಳುವಂತೆ ಮಾಡಲಿ.

– ಇಎಸ್‌ಐ, ಪಿಎಫ್ ಸಲಹೆಗಾರರು, ಪೀಣ್ಯ, ಬೆಂಗಳೂರು