ಉಪನಗರದ ಕಾಕ್‌ಟೇಲ್ ಬಾರ್‌ಗೆ ಬಾಡಿಗೆ ಲೈಸೆನ್ಸ್ ಏಕೆ?

ಸಂಪಾದಕರಿಗೆ,

ಮಾನ್ಯರೇ,

ಬೆಂಗಳೂರಿನ ಹೊರವಲಯದ ಬಡಾವಣೆಗಳಲ್ಲಿ ಒಂದರ ಹಿಂದೊಂದು ತೆರೆಯುತ್ತಿರುವ ಹೊಸ ಮಾದರಿಯ ಕಾಕ್‌ಟೇಲ್ ಬಾರ್ ಮತ್ತು ರೆಸ್ಟೋರೆಂಟ್‌ಗಳ ಬಗ್ಗೆ ಎರಡು ಬಗೆಯ ಮಾತು ಕೇಳಿಬರುತ್ತಿದೆ. ಮನೆಗಳ ನಡುವೆ ಇವು ಬೇಡವೇ ಬೇಡ ಎನ್ನುವವರು ಒಂದು ಕಡೆ, ಒಂದು ಊಟಕ್ಕಾಗಿ ಇಂದಿರಾನಗರದವರೆಗೆ ಟ್ರಾಫಿಕ್‌ನಲ್ಲಿ ಸಿಕ್ಕಿಕೊಳ್ಳುವುದು ತಪ್ಪಿತಲ್ಲ ಎನ್ನುವವರು ಇನ್ನೊಂದು ಕಡೆ. ಇಬ್ಬರ ಮಾತಿನಲ್ಲೂ ನ್ಯಾಯವಿದೆ. ಆದರೆ ಈ ಎರಡೂ ಕಡೆಯವರ ಕಣ್ಣಿಗೆ ಬೀಳದ ಒಂದು ಸಂಗತಿ ಇದೆ. ಸುಮಾರು 20 ವರ್ಷಗಳಿಂದ ಸಣ್ಣ ಹೋಟೆಲು ಮತ್ತು ಬಾರ್‌ಗಳ ಲೆಕ್ಕ ಬರೆಯುತ್ತ ಬಂದಿರುವ ನನಗೆ ಅದು ಪ್ರತಿ ತಿಂಗಳೂ ಲೆಡ್ಜರ್‌ನ ಮೊದಲ ಸಾಲಿನಲ್ಲೇ ಕಾಣುತ್ತದೆ. ಅದು ಲೈಸೆನ್ಸ್‌ನ ಬಾಡಿಗೆ.

ನಮ್ಮ ರಾಜ್ಯದಲ್ಲಿ ಗಿರಾಕಿಗಳನ್ನು ಕೂರಿಸಿ ಮದ್ಯ ಕೊಡುವ ಬಾರ್‌ಗೆ ಬೇಕಾದದ್ದು ಸಿಎಲ್-9 ಎಂಬ ಅಬಕಾರಿ ಲೈಸೆನ್ಸ್, ಬಾಟಲಿ ಮಾರುವ ಅಂಗಡಿಗೆ ಬೇಕಾದದ್ದು ಸಿಎಲ್-2. ಇವೆರಡನ್ನೂ ಹೊಸದಾಗಿ ಕೊಡುವುದನ್ನು ಸರ್ಕಾರ 1992ರಲ್ಲೇ ನಿಲ್ಲಿಸಿತು. ಅಂದಿನಿಂದ ಈ ನಗರ ಎಷ್ಟು ಬೆಳೆದಿದೆ ಎಂಬುದನ್ನು ನಾನು ಹೇಳಬೇಕಾಗಿಲ್ಲ. 2008ರಲ್ಲಿ ದೇವನಹಳ್ಳಿಯ ವಿಮಾನ ನಿಲ್ದಾಣ ಶುರುವಾದ ಮೇಲೆ ನಮ್ಮ ಯಲಹಂಕ ಉಪನಗರದ ಸುತ್ತಮುತ್ತಲಿನ ದ್ರಾಕ್ಷಿ ತೋಟಗಳೇ ಬಡಾವಣೆಗಳಾದವು. ಇಂದು ಹೊಸಬರೊಬ್ಬರು ಬಾರ್ ತೆರೆಯಬೇಕೆಂದರೆ ಅವರ ಮುಂದಿರುವುದು ಮುಖ್ಯವಾಗಿ ಎರಡು ದಾರಿ. ನಿಗದಿತ ಸಂಖ್ಯೆಯ ಕೊಠಡಿಗಳಿರುವ ವಸತಿಗೃಹ ಕಟ್ಟಿ ಸಿಎಲ್-7 ಪಡೆಯಬೇಕು, ಇಲ್ಲವೇ ಹಳೆಯ ಸಿಎಲ್-9 ಇಟ್ಟುಕೊಂಡಿರುವ ಯಾರನ್ನಾದರೂ ಹಿಡಿಯಬೇಕು. ಲೈಸೆನ್ಸನ್ನು ಕೊಳ್ಳುವಷ್ಟು ದುಡ್ಡು ಇಲ್ಲದವರು ಅದನ್ನು ತಿಂಗಳ ಬಾಡಿಗೆಗೆ ತೆಗೆದುಕೊಳ್ಳುತ್ತಾರೆ. ಅಬಕಾರಿ ನಿಯಮಗಳಲ್ಲಿ ಹೀಗೆ ಒಳಗುತ್ತಿಗೆ ಕೊಡುವುದಕ್ಕೆ ಅವಕಾಶವಿಲ್ಲವೆಂಬುದು ಕೊಡುವವರಿಗೂ ಗೊತ್ತು, ತೆಗೆದುಕೊಳ್ಳುವವರಿಗೂ ಗೊತ್ತು.

ಇದರ ಪರಿಣಾಮವನ್ನು ನಾನು ಹತ್ತಿರದಿಂದ ಕಂಡಿದ್ದೇನೆ. ಕೆಲವು ವರ್ಷಗಳ ಹಿಂದೆ ಹೋಟೆಲ್ ಮ್ಯಾನೇಜ್‌ಮೆಂಟ್ ಓದಿದ್ದ ಇಬ್ಬರು ಗೆಳೆಯರು ಉತ್ತರ ಬೆಂಗಳೂರಿನ ಮುಖ್ಯರಸ್ತೆಯೊಂದರ ಮೊದಲ ಮಹಡಿಯಲ್ಲಿ 42 ಆಸನಗಳ ಜಾಗವನ್ನು ಹಿಡಿದರು. ಕರಾವಳಿ ಕಡೆಯ ಹುಡುಗರಾದ್ದರಿಂದ ಊರಿನಿಂದ ತರಿಸಿದ ಪುನರ್ಪುಳಿಯ ಸಿಪ್ಪೆಯನ್ನು ನೆನೆಹಾಕಿ, ಗಾಂಧಾರಿ ಮೆಣಸನ್ನು ಜಜ್ಜಿ, ಜೋನಿ ಬೆಲ್ಲ ಬೆರೆಸಿ ಅವರು ಮಾಡುತ್ತಿದ್ದ ಪಾನೀಯವನ್ನು ಮದ್ಯವಿಲ್ಲದೆಯೂ ಕೊಡುತ್ತಿದ್ದರು. ನಾನು ಕುಡಿಯುತ್ತಿದ್ದದ್ದು ಅದನ್ನೇ. ಹಳೆಯ ಬಾರ್‌ಗಳ ಮಬ್ಬು ಬೆಳಕು, ಪರದೆ ಎಳೆದ ಫ್ಯಾಮಿಲಿ ರೂಮು ಅಲ್ಲಿರಲಿಲ್ಲ. ನಮ್ಮ ಬಡಾವಣೆಯ ಹೆಣ್ಣುಮಕ್ಕಳು ಕಿಟಕಿ ಪಕ್ಕದ ಮೇಜಿನಲ್ಲಿ ಕುಳಿತು, ಯಾರ ದೃಷ್ಟಿಗೂ ಅಂಜದೆ ಊಟ ಮಾಡಿ ಹೋಗುತ್ತಿದ್ದರು. ಇದೊಂದು ಸಣ್ಣ ಬದಲಾವಣೆಯೆಂದು ನಾನು ಭಾವಿಸುವುದಿಲ್ಲ.

ರಾತ್ರಿ ಬಾಗಿಲು ಹಾಕಿದ ಮೇಲೆ ಕೌಂಟರಿನ ಮೇಲೊಂದು ತಕ್ಕಡಿ ಇಟ್ಟು ತೆರೆದ ಬಾಟಲಿಗಳನ್ನೆಲ್ಲ ಒಂದೊಂದಾಗಿ ತೂಗುವುದು ಅವರ ರೂಢಿ. 750 ಮಿಲಿಯ ಬಾಟಲಿಯೊಂದರಲ್ಲಿ 60 ಮಿಲಿಯ ಹನ್ನೆರಡೂವರೆ ಪೆಗ್ ಮಾತ್ರ ಇರುತ್ತದೆ. ಅಳತೆಯ ಬಟ್ಟಲನ್ನು ಬಿಟ್ಟು ಕೈಯಂದಾಜಿನಲ್ಲಿ ಸುರಿದರೆ ಅದು ಹನ್ನೊಂದಕ್ಕೆ ಇಳಿಯುತ್ತದೆ, ಆ ಬಾಟಲಿಯ ಲಾಭ ಅಲ್ಲಿಗೆ ಮುಗಿಯುತ್ತದೆ. ಅಷ್ಟು ಜತನದಿಂದ ನಡೆಸಿದವರು ಅವರು. ಆದರೂ ಪ್ರತಿ ತಿಂಗಳು ಲೈಸೆನ್ಸಿನ ಬಾಡಿಗೆಯೇ ಕಟ್ಟಡದ ಬಾಡಿಗೆಗಿಂತ ಹೆಚ್ಚಿರುತ್ತಿತ್ತು. ಅಬಕಾರಿ ವರ್ಷ ಜುಲೈ 1ಕ್ಕೆ ಶುರುವಾಗುತ್ತದೆ. ಜೂನ್ ತಿಂಗಳಲ್ಲಿ, ನವೀಕರಣದ ಹೊತ್ತಿಗೆ ಸರಿಯಾಗಿ, ಲೈಸೆನ್ಸ್ ಹೊಂದಿದ್ದವರು ಬಾಡಿಗೆಯನ್ನು ಒಂದೂವರೆ ಪಟ್ಟು ಮಾಡಬೇಕೆಂದು ಹೇಳಿ ಕಳುಹಿಸಿದರು. ಅವರು ಅಲ್ಲಿಯವರೆಗೆ ಒಮ್ಮೆಯೂ ಆ ಮೆಟ್ಟಿಲು ಹತ್ತಿ ಬಂದವರಲ್ಲ. ಚೌಕಟ್ಟು ಹಾಕಿದ ಕಾಗದದಲ್ಲಿ ಅವರ ಹೆಸರು ಮಾತ್ರ ಗೋಡೆಯ ಮೇಲಿತ್ತು. ಕೊಟ್ಟ ಮುಂಗಡಕ್ಕೆ ಕಾಗದವಿಲ್ಲ, ದೂರು ಕೊಡಲು ಕಾನೂನಿನ ಬೆಂಬಲವಿಲ್ಲ. ಹದಿನಾಲ್ಕನೆಯ ತಿಂಗಳಿಗೆ ಗೆಳೆಯರು ಬಾಗಿಲು ಮುಚ್ಚಿದರು. ಕೊನೆಯ ದಿನ ನಾನೇ ಪಕ್ಕದಲ್ಲಿ ನಿಂತು ಸ್ಟಾಕ್ ಪಟ್ಟಿ ಮಾಡಿದೆ. ಇಂದಿಗೂ ಆ ರಸ್ತೆಯಲ್ಲಿ ಹೋಗುವಾಗ ಆ ಕಿಟಕಿಯತ್ತ ನೋಡಿದರೆ ಸಂಕಟವಾಗುತ್ತದೆ.

ಈ ಉದ್ಯಮದ ಉಳಿದ ಲೆಕ್ಕವೂ ಹೊರಗಿನವರು ತಿಳಿದಷ್ಟು ಸಲೀಸಲ್ಲ. ಮದ್ಯವನ್ನು 2003ರಲ್ಲಿ ಸ್ಥಾಪನೆಯಾದ ಕರ್ನಾಟಕ ರಾಜ್ಯ ಪಾನೀಯ ನಿಗಮದ ಡಿಪೋದಿಂದಲೇ ಎತ್ತಬೇಕು, ಅಲ್ಲಿ ಚೌಕಾಸಿಗೆ ಎಡೆಯಿಲ್ಲ. ಊಟದ ಬಿಲ್ಲಿನ ಮೇಲೆ ಶೇ 5ರಷ್ಟು ಜಿಎಸ್‌ಟಿ ಹಾಕುವ ರೆಸ್ಟೋರೆಂಟ್, ತಾನು ಒಳಾಂಗಣದ ಕೆಲಸಕ್ಕೆ ಕಟ್ಟಿದ ತೆರಿಗೆಯನ್ನಾಗಲಿ ಕಟ್ಟಡದ ಬಾಡಿಗೆಯ ಮೇಲೆ ಕಟ್ಟಿದ ತೆರಿಗೆಯನ್ನಾಗಲಿ ಆ ಜಿಎಸ್‌ಟಿಯಲ್ಲಿ ಕಳೆದುಕೊಳ್ಳುವಂತಿಲ್ಲ. ಇವೆಲ್ಲ ಎಲ್ಲರಿಗೂ ಒಂದೇ ಆಗಿರುವುದರಿಂದ ಇವುಗಳ ಬಗ್ಗೆ ನನ್ನ ತಕರಾರಿಲ್ಲ.

ನನ್ನ ತಕರಾರು ಇರುವುದು ಯಾವ ಕೆಲಸವನ್ನೂ ಮಾಡದವರ ಕೈಗೆ ಹೋಗುವ ಆ ಹಣದ ಬಗ್ಗೆ, ಏಕೆಂದರೆ ಅದರ ಹೊರೆಯನ್ನು ಕಡೆಗೆ ಹೊರುವವರು ನೆರೆಹೊರೆಯವರು. 40 ಆಸನಗಳ ಜಾಗದಲ್ಲಿ ಆ ಬಾಡಿಗೆ ಹುಟ್ಟುವುದಿಲ್ಲ. ಆದ್ದರಿಂದ ಮಾಲೀಕರು ತಾರಸಿಗೂ ಮೇಜು ಹಾಕುತ್ತಾರೆ, ವಾರಾಂತ್ಯಕ್ಕೆ ಡಿಜೆ ಕರೆಸುತ್ತಾರೆ, ಗೋಡೆಗೆ ಹಾಕಬೇಕಿದ್ದ ಶಬ್ದ ತಡೆಯುವ ಹಲಗೆಯನ್ನು ಮುಂದಿನ ವರ್ಷಕ್ಕೆ ತಳ್ಳುತ್ತಾರೆ. ವಸತಿ ಪ್ರದೇಶದಲ್ಲಿ ರಾತ್ರಿ 10ರಿಂದ ಬೆಳಿಗ್ಗೆ 6ರವರೆಗೆ ಶಬ್ದ 45 ಡೆಸಿಬಲ್ ಮೀರಬಾರದೆಂದು 2000ದ ಶಬ್ದ ಮಾಲಿನ್ಯ ನಿಯಮಗಳು ಹೇಳುತ್ತವೆ. ಮಲಗುವ ಕೋಣೆಯ ಕಿಟಕಿಯ ಗಾಜು ಬಾಸ್ ಸದ್ದಿಗೆ ಅದುರುವುದನ್ನು ಕೈಯಿಟ್ಟು ನೋಡಿದವರಿಗೆ ಆ ಅಂಕಿಯ ಬೆಲೆ ಗೊತ್ತು. 2017ರ ಡಿಸೆಂಬರ್‌ನಲ್ಲಿ ಮುಂಬೈಯ ಕಮಲಾ ಮಿಲ್ಸ್ ಆವರಣದ ತಾರಸಿ ರೆಸ್ಟೋರೆಂಟ್‌ಗಳಲ್ಲಿ ಹೊತ್ತಿದ ಬೆಂಕಿಗೆ 14 ಮಂದಿ ಬಲಿಯಾದರು. 2023ರ ಅಕ್ಟೋಬರ್‌ನಲ್ಲಿ ನಮ್ಮ ಕೋರಮಂಗಲದಲ್ಲೇ ಕಟ್ಟಡವೊಂದರ ಮೇಲ್ಮಹಡಿಯ ಕೆಫೆಗೆ ಬೆಂಕಿ ಬಿದ್ದು, ಸಿಲಿಂಡರ್‌ಗಳು ಸಿಡಿದು, ಪ್ರಾಣಭಯದಿಂದ ಒಬ್ಬರು ಮೇಲಿಂದ ಜಿಗಿದದ್ದನ್ನು ನಾಡೆಲ್ಲ ನೋಡಿತು. ಎರಡನೆಯ ಮೆಟ್ಟಿಲು, ಅಗಲವಾದ ಬಾಗಿಲು, ಸರಿಯಾದ ಅಡುಗೆಮನೆ, ಇವಕ್ಕೆಲ್ಲ ಹಣ ಬೇಕು, ಆ ಹಣ ಗೋಡೆಯ ಮೇಲಿನ ಕಾಗದಕ್ಕೆ ಹೋಗಿರುತ್ತದೆ.

ಆದ್ದರಿಂದ ಸರ್ಕಾರ ಸಣ್ಣ ರೆಸ್ಟೋರೆಂಟ್‌ಗಳಿಗಾಗಿ, 50 ಆಸನ ಮೀರದಂಥವಕ್ಕೆ, ಪ್ರತ್ಯೇಕ ಲೈಸೆನ್ಸ್ ವರ್ಗವೊಂದನ್ನು ತರಬೇಕೆಂಬುದು ನನ್ನ ಮನವಿ. ಅದನ್ನು ನಡೆಸುವವರ ಹೆಸರಿಗೇ, ನಡೆಸುವ ಜಾಗಕ್ಕೇ ಕಟ್ಟಿಹಾಕಬೇಕು. ಮಾರಲೂ ಬಾಡಿಗೆಗೆ ಕೊಡಲೂ ಆಗದಂತಿರಬೇಕು, ಅಂಗಡಿ ಮುಚ್ಚಿದ ದಿನವೇ ಲೈಸೆನ್ಸ್ ಸರ್ಕಾರಕ್ಕೆ ಮರಳಬೇಕು. ಅಡುಗೆಮನೆ ಕಡ್ಡಾಯವಾಗಿರಲಿ, ಪಾರ್ಸೆಲ್ ಮಾರಾಟ ಬೇಡ, ತಾರಸಿ ಬೇಡ. ವಾಣಿಜ್ಯ ಸಂಸ್ಥೆಗಳಿಗೆ ರಾತ್ರಿ 1 ಗಂಟೆಯವರೆಗೆ ಅವಕಾಶ ಕೊಟ್ಟ 2024ರ ಆದೇಶ ನಗರದ ನಡುವಿನ ರಸ್ತೆಗಳಿಗೆ ಒಪ್ಪಬಹುದು, ಮನೆಗಳಿಗೆ ಅಂಟಿಕೊಂಡಿರುವ ಇಂಥ ಜಾಗಗಳಿಗೆ 11 ಗಂಟೆಯೇ ಸಾಕು. ಶಾಲೆ, ಆಸ್ಪತ್ರೆ, ದೇವಸ್ಥಾನಗಳಿಂದ 100 ಮೀಟರ್ ದೂರದ ನಿಯಮವನ್ನು ಸಡಿಲಿಸಬೇಕೆಂದು ನಾನು ಕೇಳುತ್ತಿಲ್ಲ.

ಸರ್ಕಾರ ಲೈಸೆನ್ಸ್‌ಗಳನ್ನು ಹರಾಜಿನ ಮೂಲಕ ಹಂಚುವ ಮಾತನ್ನಾಡಿದೆ. ಬೊಕ್ಕಸಕ್ಕೆ ಅದರಿಂದ ಲಾಭವಾದೀತು, ಆದರೆ ಹರಾಜಿನಲ್ಲಿ ಕೂಗುವ ಶಕ್ತಿ ದೊಡ್ಡ ಕುಳಗಳಿಗೆ ಮಾತ್ರ ಇರುತ್ತದೆ, ಹಾಕಿದ ಹಣವನ್ನು ಅವರು ಮತ್ತೆ ಬಡಾವಣೆಯ ನಿದ್ದೆಯಿಂದಲೇ ವಸೂಲು ಮಾಡುತ್ತಾರೆ.

ಹೊಸ ಲೈಸೆನ್ಸ್ ಕೊಟ್ಟರೆ ಕುಡಿತ ಹೆಚ್ಚುವುದಿಲ್ಲವೇ ಎಂದು ಕೇಳುವ ತಾಯಂದಿರಿದ್ದಾರೆ. ಹಳ್ಳಿಯ ಕಿರಾಣಿ ಅಂಗಡಿಗಳಲ್ಲಿ ಕದ್ದು ಮಾರುವ ಮದ್ಯದಿಂದ ಸಂಸಾರಗಳು ಹಾಳಾಗಿದ್ದನ್ನು ಕಂಡು ಬೀದಿಗಿಳಿದ ಆ ಹೆಂಗಸರ ಮುಂದೆ ನಾನು ತಲೆಬಾಗುತ್ತೇನೆ. ಅವರ ಹೋರಾಟ ಅಗ್ಗದ ಪೊಟ್ಟಣಗಳ ವಿರುದ್ಧ. ಅದಕ್ಕಾಗಿಯೇ ನಾನು ಕೇಳುತ್ತಿರುವ ಲೈಸೆನ್ಸಿನಲ್ಲಿ ಪಾರ್ಸೆಲ್‌ಗೆ ಜಾಗವಿಲ್ಲ, ಮೇಜಿಗೆ ಕೂತು ಊಟ ಮಾಡುವವರಿಗೆ ಮಾತ್ರ ಅದು ಅನ್ವಯಿಸಬೇಕು. ಕುಡಿದು ವಾಹನ ಓಡಿಸುವ ಅಪಾಯ ನಿಜವಾದದ್ದೇ. ಮನೆಯಿಂದ ನಡೆದು ಹೋಗಿ ಬರುವಷ್ಟು ಹತ್ತಿರದ ಜಾಗದಲ್ಲಿ ಅದು ಕಡಿಮೆಯಾಗುತ್ತದೆಂಬುದು ನನ್ನ ನಂಬಿಕೆ.

ಮುಂದಿನ ಅಬಕಾರಿ ವರ್ಷದ ನವೀಕರಣ ಶುರುವಾಗುವ ಮೊದಲು ಇಲಾಖೆ ಕನಿಷ್ಠ ಒಂದು ಕೆಲಸವನ್ನಾದರೂ ಮಾಡಲಿ. ಬೆಂಗಳೂರಿನ ಪ್ರತಿಯೊಂದು ಸಿಎಲ್-9 ಯಾರ ಹೆಸರಿನಲ್ಲಿದೆ, ಅದನ್ನು ನಿಜವಾಗಿ ನಡೆಸುತ್ತಿರುವವರು ಯಾರು ಎಂಬ ಪಟ್ಟಿಯನ್ನು ಸಾರ್ವಜನಿಕರ ಮುಂದಿಡಲಿ.

ಇತಿ,
ಹೋಟೆಲ್ ಲೆಕ್ಕಿಗ, ಯಲಹಂಕ ಉಪನಗರ, ಬೆಂಗಳೂರು