ಗಾಯಗೊಂಡವನೂ ತಂಡಕ್ಕೆ ಬೇಕು

ಸಂಪಾದಕರೇ,

ಅಮೆರಿಕದ ಕಾಲೇಜು ಬ್ಯಾಸ್ಕೆಟ್‌ಬಾಲ್ ಸುದ್ದಿಯಲ್ಲಿ ಯಾರು ಎಷ್ಟು ಪಾಯಿಂಟ್ ಗಳಿಸಿದರು ಅನ್ನೋದೇ ಜಾಸ್ತಿ. 40 ನಿಮಿಷದ ಆಟದಲ್ಲಿ ಹತ್ತು ಹನ್ನೆರಡು ನಿಮಿಷ ಬಂದು, ಎದುರಾಳಿಯ ಒಳ್ಳೆಯ ಶೂಟರ್‌ಗೆ ಅಂಟಿಕೊಂಡು ನಿಂತು, ಸ್ಕ್ರೀನ್ ಹಾಕಿ (ಅಂದರೆ ತನ್ನ ತಂಡದವನಿಗೆ ಜಾಗ ಸಿಗಲೆಂದು ಎದುರಾಳಿಯ ದಾರಿಗೆ ಅಡ್ಡ ನಿಂತು), ಬುಟ್ಟಿಗೆ ಬೀಳದೆ ಪುಟಿದ ಚೆಂಡು ಹಿಡಿಯುವ ರೀಬೌಂಡ್‌ಗೆ ಮೈ ಅಡ್ಡ ಕೊಟ್ಟು ಹೋಗುವ ಹುಡುಗ ಯಾರಿಗೂ ಕಾಣುವುದಿಲ್ಲ. ಅವನ ಮೊಣಕಾಲಿನ ಮೂಳೆಗಳನ್ನು ಹಿಡಿದಿಡುವ ಎಸಿಎಲ್ ಅನ್ನೋ ಲಿಗಮೆಂಟ್ ಹರಿದರಂತೂ ಲೆಕ್ಕದಿಂದಲೇ ಬಿಟ್ಟುಬಿಡುತ್ತಾರೆ.

ಇದು ಸರಿಯಲ್ಲ. ಆಪರೇಷನ್ ಆದ ಮೇಲೆ ಮತ್ತೆ ಆಡಲು ಸಾಮಾನ್ಯವಾಗಿ 9ರಿಂದ 12 ತಿಂಗಳು ಬೇಕು, ಅಂದರೆ ಹೆಚ್ಚುಕಡಿಮೆ ಒಂದು ಸೀಸನ್ ಹೋದ ಹಾಗೇ ಅಲ್ವಾ? ತೊಡೆಯ ಸ್ನಾಯು ಇನ್ನೊಂದು ಕಾಲಿನಷ್ಟೇ ಬಲ ಪಡೆಯಬೇಕು, ಒಂಟಿ ಕಾಲಲ್ಲಿ ಹಾರಿ ಇಳಿಯುವ ಧೈರ್ಯ ಬರಬೇಕು. ಈ ಧೈರ್ಯ ಬರೋದೇ ಎಲ್ಲಕ್ಕಿಂತ ನಿಧಾನ. ಆತುರಪಟ್ಟು 9 ತಿಂಗಳಿಗೂ ಮೊದಲೇ ಅಂಗಳಕ್ಕಿಳಿದರೆ ಮತ್ತೆ ಗಾಯವಾಗುವ ಅಪಾಯ ಜಾಸ್ತಿ ಎಂದು ಅಧ್ಯಯನಗಳು ತೋರಿಸಿವೆ.

ಅಲ್ಲಿಯವರೆಗೆ ಅವನು ಸುಮ್ನೆ ಕೂತಿರಬೇಕಿಲ್ಲ. ಎದುರಾಳಿಗಳ ವಿಡಿಯೊ ನೋಡಿ, ಪಿಕ್ ಆಂಡ್ ರೋಲ್ (ಸ್ಕ್ರೀನ್ ಹಾಕಿದವನೇ ತಿರುಗಿ ಬುಟ್ಟಿಯ ಕಡೆ ಓಡುವ ಆಟ) ಆದಾಗ ಯಾರು ಯಾವ ಕಡೆ ನುಗ್ಗುತ್ತಾರೆ ಅಂತ ಹೊಸಬರಿಗೆ ಹೇಳಿಕೊಡಬಹುದು, ಏಕೆಂದರೆ ಆ ಕೆಲಸ ಅವನಿಗಿಂತ ಚೆನ್ನಾಗಿ ಗೊತ್ತಿರುವವರು ಕಡಿಮೆ. ಇನ್ನು ಅವನಿಲ್ಲದ ಪ್ರಾಕ್ಟೀಸ್‌ನಲ್ಲಿ ಸ್ಟಾರ್ ಆಟಗಾರನನ್ನು ಗಟ್ಟಿಯಾಗಿ ತಡೆಯುವವರೇ ಇಲ್ಲದೆ, ಆ ಸ್ಟಾರ್ ಆಟಗಾರನ ಆಟವೂ ಸಡಿಲವಾಗುತ್ತದೆ. ಇದನ್ನು ಯಾರೂ ಬರೆಯುವುದಿಲ್ಲ!

ಕೋಚ್‌ಗಳು ಅವನನ್ನು ಮೀಟಿಂಗ್‌ಗೂ ಬೆಂಚಿಗೂ ಕರೆದುಕೊಳ್ಳಲಿ. ವಾಪಸ್ ಬಂದಾಗ ಮೊದಲು ನಾಲ್ಕೈದು ನಿಮಿಷ ಕೊಟ್ಟು ನೋಡಲಿ, ಪಾಯಿಂಟ್ ಕೇಳಬೇಡಿ. ಸ್ಕಾಲರ್‌ಶಿಪ್ ಮಾತ್ರ ಯಾವ ಕಾರಣಕ್ಕೂ ಕಿತ್ತುಕೊಳ್ಳಬಾರದು.

ಇಂತಿ,
ಒಬ್ಬ ಬ್ಯಾಸ್ಕೆಟ್‌ಬಾಲ್ ಅಭಿಮಾನಿ